ಬೀಗ ಹಾಕುವ ದಿನ

ಸೊಸೆಯ ಕಾಲು ಹೊಲಿಗೆ ಯಂತ್ರ ತುಳಿಯುತ್ತಿತ್ತು, ಕಿವಿ ಮಾತ್ರ ತೊಟ್ಟಿಲ ಕಡೆಗಿತ್ತು. ಎಂಟು ತಿಂಗಳ ಮಗಳ ಉಸಿರಿನಲ್ಲಿ ರಾತ್ರಿಯಿಂದ ಸಣ್ಣ ಸೀಟಿ. ಅತ್ತೆ ತಲೆತಗ್ಗಿಸಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದರು. ಮಾವ ಹಿತ್ತಾಳೆಯ ಬೀಗಕ್ಕೆ ಎಣ್ಣೆ ಬಿಟ್ಟು, ಮದುವೆಗೆ ಹೊರಟವರಂತೆ ಸಂಭ್ರಮದಿಂದ ಒರೆಸುತ್ತಿದ್ದರು. ಆ ಬೀಗ ಕಂಡರೆ ಸೊಸೆಯ ಕೈಕಾಲು ತಣ್ಣಗಾಗುತ್ತಿತ್ತು.

ಮನೆಗೆ ಮೂರು ಕಡೆ ಎತ್ತರದ ಗೋಡೆ, ನಾಲ್ಕನೆಯ ಕಡೆ ಊರ ಯಜಮಾನರ ಹಣ್ಣಿನ ತೋಟ. ತೋಟದ ನಡುವಿನ ಕಾಲುದಾರಿ ಬಿಟ್ಟರೆ ಬೀದಿಗೆ ಬೇರೆ ದಾರಿಯಿಲ್ಲ. ನಡೆದು ನಡೆದು ಇವರು ಹಕ್ಕು ಸಾಧಿಸಬಾರದೆಂದು ವರ್ಷಕ್ಕೊಂದು ದಿನ, ಬೆಳಗಿನಿಂದ ಬೆಳಗಿನವರೆಗೆ, ಮನೆಯೆದುರಿನ ಗೇಟು ಮುಚ್ಚುವುದು ವಾಡಿಕೆ. ಬೀಗ ಜಡಿಯುವ ಮರ್ಯಾದೆಯಾದರೋ ಒಳಗಿನವರದೇ! ಮಾವನ ಅಪ್ಪ ಜಡಿದಿದ್ದರು, ಈಗ ಮಾವ. ಒಳಗಿನಿಂದ ಜಡಿದು, ಕೀಲಿಯನ್ನು ಸರಳುಗಳ ನಡುವೆ ಯಜಮಾನರ ಮೇಸ್ತ್ರಿಯ ಕೈಗಿಡುವುದು. ತಮ್ಮ ಕೈಗೆ ತಾವೇ ಕೋಳ ತೊಟ್ಟು ಬಳೆ ಅಂದುಕೊಂಡ ಹಾಗೆ.

ನಾಲ್ಕು ವರ್ಷದ ಹಿಂದೆ ಇದೇ ದಿನ ಮನೆಮಗಳಿಗೆ, ಗಂಡನ ಅಕ್ಕನಿಗೆ, ತಿಂಗಳು ತುಂಬುವ ಮೊದಲೇ ನೋವು ಬಂತು. ಕೀಲಿ ಜೇಬಿಗಿಟ್ಟುಕೊಂಡ ಮೇಸ್ತ್ರಿ ಪೇಟೆಗೆ ಹೋಗಿದ್ದ. ಅವನು ಮರಳುವಷ್ಟರಲ್ಲಿ ಅವಳ ಕೂಗು ನಿಂತಿತ್ತು. ಅವಳ ಆಯಸ್ಸು ಅಷ್ಟೇ ಅಂದರು ಮಾವ. ಅಂದಿನಿಂದ ಅತ್ತೆ ಮಾತಾಡಿದ್ದೇ ಅಪರೂಪ.

ಹೋದ ತಿಂಗಳು ಅಂಗಿ ಹೊಲಿಸಲು ಬಂದ ಭೂಮಾಪಕರು ಮಾವನಿಗೆ ತಿಳಿಹೇಳಿದ್ದರು. ತೋಟದಿಂದಲೇ ಈ ಜಾಗ ಕತ್ತರಿಸಿ ಮಾರಿದ್ದು ಯಜಮಾನರ ಅಜ್ಜ. ಬೇರೆ ದಾರಿಯೇ ಇಲ್ಲದ ಜಾಗ ಮಾರಿದವರು ದಾರಿಯನ್ನೂ ಕೊಟ್ಟಂತೆ ಅನ್ನುತ್ತದೆ ಕಾನೂನು. ಒಂದು ದಿನ ಬೀಗ ಹಾಕಿದರೆ ಆ ಹಕ್ಕು ಅಳಿಯುವುದಿಲ್ಲ. ಮಾವ ನಕ್ಕುಬಿಟ್ಟಿದ್ದರು.

"ನಿಮ್ಮ ಟೇಪು ನೆಲ ಅಳೆಯುತ್ತೆ ಸ್ವಾಮಿ. ಋಣ ಅಳೆಯುತ್ತಾ?"

ಏಳು ಗಂಟೆ ಹೊಡೆಯಿತು. ಮಾವ ಬೀಗ ಹಿಡಿದು ಎದ್ದರು. ತೊಟ್ಟಿಲಲ್ಲಿ ಸೀಟಿ ನಿಂತು ಗೊರಗೊರ ಶುರುವಾಗಿತ್ತು, ಮಗುವಿನ ತುಟಿ ನೀಲಿಗಟ್ಟಿತ್ತು. ಗಂಡ ಲಾರಿ ತೆಗೆದುಕೊಂಡು ದೂರ ಹೋಗಿದ್ದ. ಸೊಸೆ ಮಗುವನ್ನು ಎದೆಗವಚಿಕೊಂಡು ಮಾವನ ಹಿಂದೆಯೇ ಓಡಿದಳು. ಬಿಸಿನೀರಿನ ಹಬೆ ಕೊಡು, ಗಂಟೆ ಹೊಡೆದ ಮೇಲೆ ದಾರಿಗೆ ಕಾಲಿಡುವಂತಿಲ್ಲ, ಒಂದು ದಿನ ತಾನೇ ಎಂದು ಮಾವ ತಿರುಗಿ ನೋಡದೆ ಹೇಳುತ್ತಿದ್ದರು. ಅವಳು ಗೇಟಿನ ಎರಡು ಕದಗಳ ನಡುವೆ ಹೋಗಿ ನಿಂತಳು.

ಹೊರಗೆ ಕೈಚಾಚಿ ನಿಂತಿದ್ದ ಮೇಸ್ತ್ರಿ ಹಲ್ಲುಕಿರಿದ. "ಏನಜ್ಜ, ಅಪ್ಪನ ಕಾಲದಿಂದ ಬೀಗ ಹಾಕಿದ ಕೈ ಇವತ್ತು ಸೊಸೆಗೆ ಹೆದರ್ತಾ?"

ಕಬ್ಬಿಣದ ಕದ ಅವಳ ಭುಜಕ್ಕೆ ತಾಗಿತು.

"ಹಾಕೋದಾದ್ರೆ ನನ್ನ ಮೇಲೇ ಹಾಕಿ, ಮಾವ. ಅತ್ತಿಗೆ ಕೂಗಿದ್ದು ನಿಮಗೆ ಕೇಳಿಸ್ಲಿಲ್ಲ. ಇವಳಿಗೆ ಕೂಗೋಕೂ ಉಸಿರಿಲ್ಲ."

ಮಾವನ ಕೈ ನಿಂತಿತು. ಅಷ್ಟು ಸಾಕಾಯಿತು. ಮೇಸ್ತ್ರಿಯನ್ನು ತಳ್ಳಿಕೊಂಡು ಅವಳು ಓಡಿದಳು.

ಆಸ್ಪತ್ರೆಯಲ್ಲಿ ಮಗುವಿನ ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ತುಟಿಗೆ ಕೆಂಪು ಬಂತು, ಮನೆಗೆ ಕಳಿಸಿದರು. ಅವಳ ಭಯ ಮಾತ್ರ ಇಳಿಯಲಿಲ್ಲ. ಗೇಟು ಮುಚ್ಚಿದ್ದರೆ ಈ ಕೂಸನ್ನು ಎತ್ತಿಕೊಂಡು ಎಲ್ಲಿಗೆ ಹೋಗುವುದು? ತೋಟದ ತಿರುವಿನಲ್ಲಿ ಕಾಲು ಮುಂದಕ್ಕೆ ಬರಲೊಲ್ಲದು.

ಆಗ ಕೇಳಿಸಿತು, ಟಕಟಕ ಟಕಟಕ.

ಎರಡು ಕದಗಳ ನಟ್ಟನಡುವೆ ಅವಳ ಹೊಲಿಗೆ ಯಂತ್ರ. ಅತ್ತೆ ಕೂತು ತುಳಿಯುತ್ತಿದ್ದರು. ಮಾವ ಪಕ್ಕದ ಕಲ್ಲಿನ ಮೇಲೆ, ತೆರೆದ ಬೀಗ ಮಡಿಲಲ್ಲಿಟ್ಟುಕೊಂಡು, ಮುಖ ಎತ್ತದೆ ಕೂತಿದ್ದರು. ಯಜಮಾನರನ್ನೇ ಕರೆತರುತ್ತೇನೆ, ಆಮೇಲೆ ನೋಡಿ ಎಂದು ಮೇಸ್ತ್ರಿ ಗದರುತ್ತಿದ್ದ.

"ಕರ್ಕೊಂಡು ಬಾ," ಅಂದರು ಅತ್ತೆ. "ಅಂಗಿಗೆ ಅಳತೆ ಕೊಟ್ಟು ಹೋಗ್ಲಿ."

ಅವರು ಎದ್ದು, ಸೊಸೆ ಒಳಗೆ ಬರುವಷ್ಟು ಯಂತ್ರ ಸರಿಸಿದರು. ಮಗುವಿನ ಮೂಗಿನ ಹತ್ತಿರ ಕಿವಿಯಿಟ್ಟು ಕೇಳಿದರು. ಮತ್ತೆ ಯಂತ್ರವನ್ನು ಇದ್ದಲ್ಲಿಗೇ ಎಳೆದು ಕೂತರು.

ಮೇಸ್ತ್ರಿ ಓಡಿದ. ಸ್ವಲ್ಪ ಹೊತ್ತಿಗೆ ಬೀದಿಯ ಕಡೆಯಿಂದ ಯಜಮಾನರ ಕಾರಿನ ಸದ್ದು ಹತ್ತಿರವಾಗುತ್ತಿತ್ತು. ಅತ್ತೆಯ ಕಾಲು ತುಳಿಯುತ್ತಲೇ ಇತ್ತು.