ಶಾಫ್ಟ್ ಅಳೆಯಲು ಎಲ್ಲರೂ ಕಾರಿನಲ್ಲಿ ಕೂತರು

೧

ಈ ಕಥೆಯನ್ನು ಎಲ್ಲಿಂದ ಎತ್ತಿಕೊಳ್ಳಲಿ? ‘ವಿಶಾಖಪಟ್ಟಣದ ಸಮುದ್ರ ಆ ಬೆಳಿಗ್ಗೆ...’ ಬೇಡ, ಹೊಡೆದುಹಾಕಿದೆ. ಸಮುದ್ರಕ್ಕೂ ಈ ಕಥೆಗೂ ಇರುವ ನಂಟು ಒಂದೇ: ನನ್ನ ಅಜ್ಜ ಶಿವಲಿಂಗಪ್ಪ ಇಪ್ಪತ್ತು ವರ್ಷ ನೌಕಾಪಡೆಯ ಹಡಗುಗಳ ಇಂಜಿನ್ ರೂಮಿನಲ್ಲಿದ್ದವರು. ‘ಒಂದಾನೊಂದು ಕಾಲದಲ್ಲಿ ಒಂದು ಅಂಬಾಸಿಡರ್ ಇತ್ತು.’ ಇದು ಪರವಾಗಿಲ್ಲ.

“ಕಾರಿಂದ ಕಥಿ ಶುರು ಮಾಡ್ತಾರೇನ, ಹುಚ್ಚಿ? ಮಗಳಿಂದ ಮಾಡು,” ಎಂದಳು ಅಜ್ಜಿ ರಾಜಮ್ಮ.

(ಅಜ್ಜಿ ಈ ಕಥೆಯ ಒಂದು ಪಾತ್ರ. ಆದರೂ ಹೆಗಲ ಮೇಲಿಂದ ಬಗ್ಗಿ ಓದುವ ಚಾಳಿ ಬಿಟ್ಟಿಲ್ಲ.)

೨

ಸರಿ, ಮಗಳು. ೧೯೮೭. ವಿಜಯವಾಡಕ್ಕೆ ಕೊಟ್ಟ ಮಂಗಳಾಗೌರಿ ಏಳು ತಿಂಗಳ ಬಸುರಿ. (ಒಳಗಿರುವುದು ನಾನು. ಪ್ರತ್ಯಕ್ಷ ಸಾಕ್ಷಿ ಎನ್ನುವುದೋ ಬಿಡುವುದೋ ನಿಮಗೇ ಬಿಟ್ಟದ್ದು.) ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು; ಎಂಟನೆಯ ತಿಂಗಳು ಬಿದ್ದರೆ ಪ್ರಯಾಣ ಕೂಡದು. ರೈಲಿತ್ತಲ್ಲ ಎನ್ನುತ್ತೀರಿ. ಇತ್ತು. ಆದರೆ ಅವಳದು ಒಂದೇ ಹಟ: “ಅಪ್ಪ ತಾನೇ ಬಂದು ಕರದ್ರ ಬರ್ತೀನಿ. ಇಲ್ಲಾಂದ್ರ ಇಲ್ಲ.”

ಅವಳ ಅಪ್ಪನೂ ಮಾವನೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ಮಾವ, ಅಂದರೆ ನನ್ನ ತಾತ ದಕ್ಷಿಣಾಮೂರ್ತಿಗೆ ವಿಜಯವಾಡದ ಆಟೋನಗರದಲ್ಲಿ ಲೇತ್ ಶೆಡ್ಡು. ಇಂಜಿನ್ನಿನ ಬಲವನ್ನು ಹಿಂದಿನ ಗಾಲಿಗೆ ಮುಟ್ಟಿಸುವ ಉದ್ದನೆಯ ಶಾಫ್ಟ್ ಮಾಡುವುದರಲ್ಲಿ ಎತ್ತಿದ ಕೈ. ಮದುವೆಯ ಪಂಕ್ತಿಯಲ್ಲಿ ಅಜ್ಜ, “ಜಹಾಜಿನ ಶಾಫ್ಟ್ ನೋಡಿದವ್ರಿಗೆ ಇದೆಲ್ಲಾ ದಬ್ಬಣ ಬಿಡ್ರಿ, ಬೀಗರ,” ಎಂದುಬಿಟ್ಟಿದ್ದರು. ತಾತನ ಎಲೆಯಲ್ಲಿ ಹೋಳಿಗೆ ಹಾಗೆಯೇ ಉಳಿಯಿತು.

೩

ಈಗಲಾದರೂ ಕಾರು. ಅಜ್ಜ ಅಂಬಾಸಿಡರಿನ ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಇಂಜಿನ್ ಕೂರಿಸಿದರು. ಗೇರ್‌ಬಾಕ್ಸೂ ಬೇರೆ ಬಂತು. ಹಳೆಯ ಶಾಫ್ಟ್ ಹೊಂದಲಿಲ್ಲ. ನಂಬಿ ಮಾಡಿಸಬಹುದಾದವರು ಒಬ್ಬರೇ: ಬೀಗರು. ಅಜ್ಜ ಒಂದು ಕಾರ್ಡಿನಲ್ಲಿ ಬರೀ ಅಳತೆ ಬರೆದು ಕಳಿಸಿದರು. ಕ್ಷೇಮವಿಲ್ಲ, ಸಹಿಯಿಲ್ಲ. ವಾರದೊಳಗೆ ಗೋಣಿಯಲ್ಲಿ ಸುತ್ತಿದ ಶಾಫ್ಟ್ ಬಸ್ಸಿನ ತಲೆಯೇರಿ ಬಂತು. ಅದರಲ್ಲೂ ಚೀಟಿಯಿಲ್ಲ.

(ಇಲ್ಲಿ ಪ್ರೇಮಪತ್ರದ ಹೋಲಿಕೆ ಕೊಟ್ಟಿದ್ದೆ. ಅಜ್ಜ ಗದರಿದರು. ತೆಗೆದಿದ್ದೇನೆ.)

೪

ಅಜ್ಜ, ಅಜ್ಜಿ ಇಬ್ಬರೇ ವಿಶಾಖಪಟ್ಟಣದಿಂದ ವಿಜಯವಾಡದವರೆಗೆ ಬಂದರು. ಕಾರು ಕಿಮಕ್ ಎನ್ನಲಿಲ್ಲ. ಬೀಗರ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತ ಗಂಡಸರಿಬ್ಬರೂ ಗೋಡೆಯ ಕ್ಯಾಲೆಂಡರ್ ನೋಡಿದರು.

ಮರುದಿನ ಹೊರಡುವುದು. ಹಿಂದಿನ ಸೀಟಿನಲ್ಲಿ ಮಂಗಳಾಗೌರಿ, ಅಜ್ಜಿ. ಡಿಕ್ಕಿಯಲ್ಲಿ ಟ್ರಂಕು, ಆವಕಾಯಿ ಜಾಡಿಗಳು. ಬೀದಿಯ ಮೊದಲ ಗುಂಡಿಗೇ ಸೀಟಿನಡಿ ‘ಧಡ್!’

“ಆಪಂಡಿ! ನಿಲ್ಲಿಸಿ!” ತಾತನ ಹೆಂಡತಿ ಸೀತಾಮಹಾಲಕ್ಷ್ಮಿ ಓಡಿ ಬಂದರು. “ಇಳಿ ತಲ್ಲೀ, ಇಳಿ! ಈ ಗುದ್ದಾಟದಲ್ಲಿ ನನ್ನ ಸೊಸೆಯನ್ನ ಕಳಿಸಲ್ಲ.”

ನಾಳೆಗೆ ಎಂಟನೆಯ ತಿಂಗಳು ಬೀಳುತ್ತಿತ್ತು. ಮಂಗಳಾಗೌರಿ ಇಳಿಯಲಿಲ್ಲ, ಅಪ್ಪನ ಮುಖ ನೋಡಿದಳು. ಅಜ್ಜನ ಕಿವಿ ಕೆಂಪಾಗಿತ್ತು.

ತಾತ ಪಂಚೆ ಎತ್ತಿಕಟ್ಟಿ ಕಾರಿನಡಿ ಬಗ್ಗಿ ನೋಡಿದರು. ಎರಡು ವರ್ಷದ ಮೊದಲ ಮಾತು, ಬೀಗರನ್ನು ತೆಲುಗಿನಲ್ಲಿ ಕರೆಯುತ್ತ, ಅಲ್ಲಿಂದಲೇ ಬಂತು.

“ಬಾವಗಾರೂ, ಅಳತೆ ಹೆಂಗೆ ತೆಗೆದಿರಿ?”

“ನಾಕೂ ಗಾಲಿ ನೆಲ ಬಿಡಿಸಿ, ಸ್ಟ್ಯಾಂಡಿನ ಮ್ಯಾಲ ನಿಲ್ಲಿಸಿ. ಜಹಾಜನ್ನ ಡಾಕಿನಾಗ ನಿಲ್ಲಿಸಿದಂಗ.”

“ಖಾಲಿ ಕಾರು?”

“ಖಾಲಿನ.”

“ಜಹಾಜಿಗೆ ಗುಂಡಿ ಬರಲ್ಲ, ಬಾವಗಾರೂ. ಇದಕ್ಕೆ ಬರುತ್ತೆ. ಜನ ಕೂತರೆ ಸ್ಪ್ರಿಂಗ್ ತಗ್ಗುತ್ತೆ, ಹಿಂದಿನ ಆಕ್ಸಲ್ ಮೇಲೆ ಬರುತ್ತೆ, ಜಾಗ ಕಮ್ಮಿ ಆಗುತ್ತೆ. ನಿಮ್ಮ ದಬ್ಬಣ ಹೋಗಿ ಗೇರ್‌ಬಾಕ್ಸಿಗೆ ಚುಚ್ಚುತ್ತೆ.”

ಅಜ್ಜ ತಲೆ ತಗ್ಗಿಸಿದರು. “ದಬ್ಬಣ ಅಂದಿದ್ದು ತಪ್ಪಾತ್ರಿ.”

“ಅಳತೆ ನೋಡಿದಾಗಲೇ ನನಗೂ ಅನುಮಾನ ಬಂತು. ಕೇಳಬೇಕಿತ್ತು. ಕೇಳಲಿಲ್ಲ.”

೫

ಕಾರನ್ನು ಖಾಲಿ ಮಾಡಿ ಮೆಲ್ಲಗೆ ಆಟೋನಗರಕ್ಕೆ ಒಯ್ದರು. ಶೆಡ್ಡಿನಲ್ಲಿ ಕಾರಿನಡಿ ನಿಂತು ಕೆಲಸ ಮಾಡಲು ತೋಡಿದ ಗುಂಡಿಯ ಮೇಲೆ ನಿಲ್ಲಿಸಿ ಶಾಫ್ಟ್ ಬಿಚ್ಚಿದರು. ತಾತನ ಶೆಡ್ಡಿನ ಕಟ್ಟಳೆಯೇ ಅದು: ಯಾರು ಹೋಗುತ್ತಾರೋ ಅವರೆಲ್ಲ ಕೂತ ಮೇಲೆಯೇ ಅಳತೆ. ಟ್ರಂಕು, ಜಾಡಿಗಳು ಡಿಕ್ಕಿಗೆ ಮರಳಿದವು. ಅಜ್ಜಿ ಕೂತಳು. ಮಂಗಳಾಗೌರಿ ಕೂತಳು. ಅಜ್ಜ ಕೆಳಗಿದ್ದರಲ್ಲ, “ಅಣ್ಣಯ್ಯಗಾರಿ ಭಾರಕ್ಕೆ ನಾನಿದ್ದೀನಿ,” ಎಂದು ಸೀತಾಮಹಾಲಕ್ಷ್ಮಿ ಸ್ಟೀರಿಂಗ್ ಹಿಡಿದು ಕೂತರು.

ಗುಂಡಿಯಲ್ಲಿ ಅಳತೆಯ ದಾರದ ಒಂದು ತುದಿ ಅಜ್ಜನ ಕೈಯಲ್ಲಿ, ಇನ್ನೊಂದು ತಾತನ ಕೈಯಲ್ಲಿ.

“ಬಿಗಿ ಹಿಡೀರಿ, ಬೀಗರ.”

“ಹಿಡಿದಿದ್ದೀನಿ. ನೀವು ಜಗ್ಗಬೇಡಿ, ಇದು ಲಂಗರಲ್ಲ.”

ಅಷ್ಟರಲ್ಲಿ ಕಾರು ಕುಲುಕಿತು. ದಾರ ಜಾರಿತು.

“ಮಂಗಳಾ, ಅಲುಗಾಡಬ್ಯಾಡ!”

“ನಾನಲ್ಲಪ್ಪ! ಹೊಟ್ಟ್ಯಾಗ ಇದು ಒದೀತು, ಬೆಚ್ಚಿಬಿದ್ದೆ.”

ಗುಂಡಿಯಿಂದ ಎರಡು ನಗು ಒಟ್ಟಿಗೇ ಬಂದವು. ಮತ್ತೆ ಮೊದಲಿಂದ.

೬

“ಶಾಫ್ಟ್ ಕೊಯ್ದು ಬೆಸದ್ರು, ಸಂಜಿಗೆ ಹೊಂಟ್ವಿ, ನೀ ನಮ್ಮನ್ಯಾಗ ಹುಟ್ಟಿದಿ. ಮುಗೀತು ಕಥಿ,” ಎನ್ನುತ್ತಾಳೆ ಅಜ್ಜಿ.

ವಿಜಯವಾಡದವರು ಹೇಳುವ ಕಥೆಯಲ್ಲಿ ಅಳತೆ ಮುಗಿಯುವಷ್ಟರಲ್ಲಿ ಎಂಟನೆಯ ತಿಂಗಳು ಬಿದ್ದಿತ್ತು; ನಾನು ಹುಟ್ಟಿದ್ದು ಅಲ್ಲೇ. ನನ್ನ ಜನನ ಪತ್ರದಲ್ಲಿ ಊರಿನ ಹೆಸರು ಇದ್ದೇ ಇದೆ. ತೋರಿಸುವುದಿಲ್ಲ.

ಶಾಫ್ಟ್ ಬೆಸೆದರೆ ಕಾರು ಹೊರಡುತ್ತದೆ. ಕಾರು ಹೊರಟರೆ ಇಬ್ಬರೂ ಗುಂಡಿಯಿಂದ ಎದ್ದು ಬರುತ್ತಾರೆ. ಎದ್ದು ಬಂದವರು ಮತ್ತೆ ಕ್ಯಾಲೆಂಡರ್ ನೋಡತೊಡಗಿದರೆ?

ಕೇಳಿ, ಕೆಳಗೆ ಇನ್ನೂ ಮಾತಾಡುತ್ತಿದ್ದಾರೆ. ದಾರ ಬಿಗಿಯಾಗುತ್ತಿದೆ. “ಹಾಂ, ಹಾಂ, ಹಂಗೇ ಇರ್ಲಿ, ಬಾವಗಾರೂ...”

ನಾನು ಇನ್ನೊಮ್ಮೆ ಒದೆಯುತ್ತೇನೆ.