ಮುಚ್ಚಳ ಖಾಲಿ

ಟಣ್ ಅಂತ ತಗಡಿನ ಬಕೆಟ್ಟಿನ ತಳದಲ್ಲಿ ಏನೋ ಸದ್ದಾಯಿತು, ಗುಂಡಿ ಇರಬೇಕು, ಈ ಅಂಗಿಯ ಗುಂಡಿಗಳೆಲ್ಲ ಸಡಿಲ, ಅಣ್ಣನ ಮೈಮೇಲೆ ಸವೆದು ತನಗೆ ಬಂದದ್ದು, ಗ್ರೀಸು ಮೆತ್ತಿದರೂ ಹೊಟ್ಟೆ ಉರಿಯದ ಅಂಗಿ ಇದೊಂದೇ ನೋಡು ಅಂತ ಅಮ್ಮ ಕೆಲಸಕ್ಕೆಂದೇ ಎತ್ತಿಕೊಟ್ಟದ್ದು — ಹುಡುಗಿ ನೊರೆಯೊಳಗೆ ಕೈಬಿಟ್ಟು ತಡಕಾಡಿದಳು, ಸಿಕ್ಕಿದ್ದು ಗುಂಡಿಯಲ್ಲ, ಗುಂಡಿಗೆ ಇಷ್ಟು ತೂಕ ಇರುವುದಿಲ್ಲ, ಗುಂಡಿಗೆ ಮೂಲೆಗಳಿರುವುದಿಲ್ಲ. ನೀರಿನಿಂದ ಎತ್ತಿ ನೋಡುವ ಮೊದಲೇ ಬೆರಳಿಗೆ ಗೊತ್ತಾಯಿತು. ಮುಂದಿನ ಚಕ್ರದ ನಟ್ಟು. ನಿನ್ನೆ ಸಂಜೆ ಅಂಗಡಿಯಲ್ಲಿ ಹೊಲಿಗೆಯಕ್ಕನ ಸೈಕಲ್ಲಿಗೆ ಹೊಸ ಟ್ಯೂಬು ಹಾಕಿ ತಾನೇ, ಮೊದಲ ಸಲ ತಾನೊಬ್ಬಳೇ, ಕೂರಿಸಿದ ಚಕ್ರ, ಈಗ ಒಂದು ಪಕ್ಕದ ನಟ್ಟಿನ ಮೇಲೆ ನಿಂತಿದೆ, ಇನ್ನೊಂದು ಪಕ್ಕದ್ದು ಇಲ್ಲಿ ಅಂಗೈಯಲ್ಲಿ ಸೋಪು ಸುರಿಸುತ್ತಿದೆ, ಮತ್ತು ಆ ಹ್ಯಾಂಡಲ್ಲಿನ ಹಿಂದೆ ಪುಟ್ಟ ಸೀಟು, ಅಕ್ಕ ಚೂರು ಬಟ್ಟೆ ತುಂಬಿ ಹೊಲಿದ ಕೆಂಪು ದಿಂಬು ಕಟ್ಟಿದ ಸೀಟು, ಅದರ ಮೇಲೆ ಅವಳ ಮಗ. ಬೆಳಿಗ್ಗೆ ಅವನನ್ನು ಕೂರಿಸಿಕೊಂಡು ಶಾಲೆಗೆ ಇಳಿಯುತ್ತಾಳೆ, ಇಳಿಜಾರಿನಲ್ಲಿ ಪೆಡಲ್ ತುಳಿಯದೆ, ಇಬ್ಬರ ಕೂದಲೂ ಹಾರುತ್ತಿರುತ್ತದೆ, ಎಷ್ಟು ಸಲ ನೋಡಿಲ್ಲ. ಬೆಳಿಗ್ಗೆ ಅಂದರೆ ಈಗ.

ಎಲ್ಲಿಗೇ ಅಂಗಿ ಹಿಂಡದೆ, ಅಮ್ಮನ ದನಿ ಒಲೆಯ ಕಡೆಯಿಂದ, ಮೆಕ್ಯಾನಿಕ್ಕಮ್ಮನವರ ಸವಾರಿ ಎತ್ತ ಹೊರಟಿತೋ, ಅಣ್ಣನ ಬಾಯಿ ಸುಮ್ಮನಿದ್ದರೆ ತಾನೇ, ಚಪ್ಪಲಿ ಒಂದು ಸಿಕ್ಕಿತು ಇನ್ನೊಂದು ಸಿಗಲಿಲ್ಲ, ಇದ್ದದ್ದನ್ನೂ ಬಿಟ್ಟು ಬರಿಗಾಲಲ್ಲೇ ಓಡಿದಳು. ಹೇಗಾಯಿತು, ಹೇಗಾಗಲು ಸಾಧ್ಯ, ಮುಚ್ಚಳ ಖಾಲಿ ಇತ್ತಲ್ಲ. ಸೈಕಲ್ ಅಂಗಡಿಯ ತಾತನ ಹತ್ತಿರ ಬಣ್ಣದ ಡಬ್ಬಿಯ ಒಂದು ಹಳೇ ಮುಚ್ಚಳ ಇದೆ, ಬಿಚ್ಚಿದ್ದೆಲ್ಲ ಅದರೊಳಕ್ಕೆ ಬೀಳಬೇಕು, ನಟ್ಟು, ವಾಷರು, ಏನೇ ಇರಲಿ, ನೆಲದ ಮೇಲೆ ಇಡುವ ಹಾಗಿಲ್ಲ, ಕೈಯಲ್ಲಿ ಹಿಡಿದುಕೊಳ್ಳುವ ಹಾಗಿಲ್ಲ, ಮುಚ್ಚಳ ಖಾಲಿಯಾದರೆ ಕೆಲಸ ಮುಗಿಯಿತು ಅಂತ ಲೆಕ್ಕ, ನನ್ನ ಕಣ್ಣು ಮಂಜು ಕಣೇ, ಮುಚ್ಚಳಕ್ಕೆ ಮಂಜಿಲ್ಲ ಅನ್ನುತ್ತಾನೆ ತಾತ. ಬೆಳಿಗ್ಗೆ ಅಂಗಡಿ, ಮಧ್ಯಾಹ್ನ ಶಾಲೆ, ಸಂಜೆ ಮತ್ತೆ ಅಂಗಡಿ, ಸೇರಿದ ಹೊಸತರಲ್ಲಿ ಬರೀ ಗಾಳಿ ಹೊಡೆಯುವುದು, ಆಮೇಲೆ ಚೈನಿಗೆ ಎಣ್ಣೆ, ಆಮೇಲೆ ಪಂಕ್ಚರು, ತಾತ ಪಕ್ಕದಲ್ಲೇ ಕೂತು ಪ್ರತಿ ನಟ್ಟನ್ನೂ ಮುಟ್ಟಿ ನೋಡುತ್ತಿದ್ದ, ನಿನ್ನೆ ಮುಟ್ಟಲಿಲ್ಲ. ನೀನು ಕೂರಿಸಿದ್ದನ್ನು ಇನ್ಮೇಲೆ ನಾನು ಮುಟ್ಟಿ ನೋಡಲ್ಲ ಅಂದ. ಆ ಮಾತಿಗೆ ಮನೆಗೆ ಹೋಗುವವರೆಗೂ ಕಾಲು ನೆಲದ ಮೇಲಿರಲಿಲ್ಲ, ಥೂ, ಈಗ ಕಲ್ಲು ಚುಚ್ಚುತ್ತಿದೆ, ಚುಚ್ಚಲಿ — ಹೊಲಿಗೆಯಕ್ಕನ ಮಗ, ಅವನದೇ ಕೆಲಸ, ಅಲ್ಲ, ಅವನೇನು ಮಾಡಿದ, ಅಮ್ಮನ ಕಾಲು ಬಿಟ್ಟು ಬಂದು ಮುಚ್ಚಳದ ಮುಂದೆ ಕುಕ್ಕುರುಗಾಲಲ್ಲಿ ಕೂತ, ಇದೇನು, ನಟ್ಟು, ತಿನ್ನೋದಾ, ನೀನಲ್ಲ ಕಣೋ ಚಕ್ರ ತಿನ್ನೋದು, ಎಷ್ಟು ನಕ್ಕ, ನಕ್ಕವನು ಚಕ್ರಕ್ಕೆ ಮೊದಲು ತಾನೇ ರುಚಿ ನೋಡುತ್ತೇನೆ ಅಂತ ಬಾಯಿಗೆ ಒಯ್ದ. ಅವನ ಮುಷ್ಟಿ ಬಿಡಿಸಿ ಕಿತ್ತುಕೊಂಡು, ಮುಚ್ಚಳಕ್ಕೆ ಹಾಕಿದರೆ ಮತ್ತೆ ತೆಗೆಯುತ್ತಾನೆ ಅಂತ ಜೇಬಿಗೆ ಹಾಕಿದಳು, ಒಂದು ಗಳಿಗೆಗೆ ಅಂತ. ಪಾಪ, ಮಕ್ಕಳು ಅಂದರೆ ಎಷ್ಟು ಜೋಪಾನ ನಿನಗೆ ಅಂದಳು ಹೊಲಿಗೆಯಕ್ಕ. ಆ ಮಾತೇ ತಲೆಗೇರಿತೋ ಏನೋ. ಇನ್ನೊಂದು ಪಕ್ಕದ ನಟ್ಟು ಬಿಗಿದಳು, ಚಕ್ರ ತಿರುಗಿಸಿದಳು, ನೆಟ್ಟಗೆ ತಿರುಗಿತು. ಖಾಲಿನಾ, ಖಾಲಿ ತಾತ, ಹಂಗಾದ್ರೆ ಕೊಡು. ಅಂಗಡಿಯಿಂದ ಅವರ ಮನೆಗೆ ಏರು, ಅಕ್ಕ ಸೈಕಲ್ ತಳ್ಳಿಕೊಂಡೇ ಹೋದಳು, ಮಗ ದಿಂಬಿನ ಮೇಲೆ ಕೂತು ತಿರುಗಿ ತಿರುಗಿ ಕೈ ಬೀಸಿದ, ಇವಳೂ ಬೀಸಿದಳು, ಜೇಬಿನಲ್ಲಿ ಅದನ್ನು ಇಟ್ಟುಕೊಂಡೇ.

ನೇರ ನೀರಿನ ಟ್ಯಾಂಕಿನ ಹತ್ತಿರದ ಹೊಲಿಗೆಯಕ್ಕನ ಮನೆಗೆ ಹೋಗಬಹುದಿತ್ತು, ಆದರೆ ನಟ್ಟು ಇದ್ದರೆ ಸಾಕೇ, ಬಿಗಿಯಲು ಪಾನಾ ಬೇಕಲ್ಲ, ಪಾನಾ ಇರುವುದು ಅಂಗಡಿಯಲ್ಲಿ, ಅಂಗಡಿಯಲ್ಲಿ ತಾತ ಇದ್ದಾನೆ, ಈಗ ತಾನೇ ಬಾಗಿಲೆತ್ತಿ ಮುಂದೆ ನೀರು ಚಿಮುಕಿಸುತ್ತಿದ್ದಾನೆ. ಏನೇ, ನಾಯಿ ಅಟ್ಟಿಸ್ಕೊಂಡು ಬಂತಾ. ಅಣ್ಣನ ಸೈಕಲ್ಲಿಗೆ ಪಾನಾ ಬೇಕಿತ್ತು ತಾತ — ಈ ಮಾತು ದಾರಿಯಲ್ಲೇ ಸಿದ್ಧವಾಗಿತ್ತು, ಚೆನ್ನಾಗಿಯೇ ಇತ್ತು, ಕೇಳಿದರೆ ಕೊಟ್ಟೇ ಬಿಡುತ್ತಿದ್ದ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ, ಬಾಯಿ ತೆರೆದಳು, ಬಿಚ್ಚಿಕೊಂಡದ್ದು ಮುಷ್ಟಿ. ತಾತ ಅಂಗೈ ಮೇಲೆ ಬಗ್ಗಿದ, ಮಂಜುಗಣ್ಣಿಗೆ ಕಾಣದೆ ಬೆರಳಿಂದ ಮುಟ್ಟಿ ನೋಡಿದ. ಹೊಲಿಗೆಯವಳದಾ. ಹೂಂ. ಅವನ ಮುಖದಲ್ಲಿ ಏನೋ ಮುಚ್ಚಿಕೊಂಡಿತು, ಬೈದಿದ್ದರೆ ಎಷ್ಟೋ ವಾಸಿಯಿತ್ತು, ಗೋಡೆಯ ಮೊಳೆಯಿಂದ ಪಾನಾ ತೆಗೆದು ಕೈಗಿಟ್ಟ, ನನ್ನ ಮಂಡಿಗೆ ಓಡೋಕಾಗಲ್ಲ, ನೀನು ಓಡು, ನಿಂತ್ಕೋಬೇಡ.

ಏರಿನಲ್ಲಿ ಓಡಿದಳು, ಆಗಲೇ ಇಳಿದುಬಿಟ್ಟಿದ್ದರೆ, ಇಳಿದಿದ್ದರೆ ಕೆಳಗೆ ಜನ ಕೂಡಿರುತ್ತಿದ್ದರು, ಸದ್ದಿರುತ್ತಿತ್ತು, ಸದ್ದಿಲ್ಲ, ಸದ್ದಿಲ್ಲದೆಯೂ ಆಗಬಹುದು, ಕೆಂಪು ದಿಂಬು ಚರಂಡಿಯಲ್ಲಿ, ಬೇಡ, ಅದನ್ನು ನೆನೆಯಬೇಡ, ಟ್ಯಾಂಕಿನ ಮೂಲೆ ತಿರುಗಿದರೆ — ಅಗೋ ಹೊಲಿಗೆಯಕ್ಕ, ಇಳಿಜಾರಿನ ತುದಿಯಲ್ಲಿ, ಒಂದು ಕಾಲು ಪೆಡಲ್ಲಿನ ಮೇಲೆ, ಮಗ ಆಗಲೇ ಸೀಟಿನಲ್ಲಿ, ಹ್ಯಾಂಡಲ್ಲಿನ ಗಂಟೆ ಬಾರಿಸುತ್ತಿದ್ದಾನೆ. ಏನೆಂದು ಕೂಗಲಿ, ಹೆಸರು ಯಾವತ್ತೂ ಕೇಳಿಲ್ಲ, ಅಕ್ಕಾ ಅಂದಳು, ಇದ್ದ ಉಸಿರೆಲ್ಲ ಹಾಕಿ, ಅಕ್ಕಾ, ಬೀದಿಯಲ್ಲಿದ್ದ ಅಕ್ಕಂದಿರೆಲ್ಲ ತಿರುಗಿದರು, ಕೊಡ ಹಿಡಿದವಳು, ಕಸ ಗುಡಿಸುತ್ತಿದ್ದವಳು, ಅವರ ಜೊತೆ ಅವಳೂ ತಿರುಗಿದಳು, ಕಾಲು ನೆಲಕ್ಕೆ ಬಂತು. ಆಮೇಲಿನದು ಕೈಯೇ ಮಾಡಿತು, ಮಂಡಿಯೂರಿ, ನಟ್ಟು ಕೂರಿಸಿ, ಬೆರಳಲ್ಲಿ ತಿರುಗಿಸಿ, ಪಾನಾ ಹಾಕಿ, ಇನ್ನು ತಿರುಗುವುದಿಲ್ಲ ಅನ್ನುವವರೆಗೆ. ಅದು ನಂದು ಅಂದ ಮಗ ಮೇಲಿನಿಂದ, ನಿನ್ನೆ ನಂಗೆ ಕೊಡ್ಲಿಲ್ಲ. ಎಲ್ಲಿತ್ತಮ್ಮ ಇದು. ನನ್ನ ಜೇಬಲ್ಲಿ ಅಕ್ಕ. ನಿನ್ನೆಯಿಂದಾನಾ. ಹೂಂ, ನಾನೇ ಮರೆತೆ. ಈಗ ಬಿಗಿಯಾಗಿದೆ, ಅಲ್ಲಾಡಿಸಿ ನೋಡಿ. ಆಗಿರಬಹುದಮ್ಮ ಅಂದಳು ಹೊಲಿಗೆಯಕ್ಕ, ಮೆತ್ತಗೇ ಅಂದಳು, ಅಂದು ಮಗನ ಕಂಕುಳಿಗೆ ಕೈಹಾಕಿ ಎತ್ತಿ ನೆಲಕ್ಕಿಳಿಸಿದಳು, ಅವನು ಕಾಲು ಬಡಿದ, ಸೈಕಲ್ ಬೇಕು ಅಂದ, ಸುಮ್ನೆ ನಡಿ, ಒಂದು ಕೈಯಲ್ಲಿ ಅವನ ಕೈ, ಇನ್ನೊಂದರಲ್ಲಿ ಹ್ಯಾಂಡಲ್ಲು, ಇಳಿಜಾರಿನಲ್ಲಿ ನಡೆದೇ ಇಳಿದಳು, ಸೈಕಲ್ಲು ಪಕ್ಕದಲ್ಲಿ, ಎರಡೂ ನಟ್ಟು ಇರುವ ಸೈಕಲ್ಲು.

ಸಿಕ್ಕಿದ್ರಾ ಅಂದ ತಾತ, ಅವಳು ಅಂಗಡಿಗೆ ಕಾಲಿಡುತ್ತಲೇ. ಸಿಕ್ಕಿದ್ರು. ಹತ್ಕೊಂಡು ಹೋದ್ಲಾ. ಅದನ್ನೇ ಕೇಳಬೇಕಿತ್ತೇ ಅವನು. ಇಲ್ಲ ತಾತ, ನಡ್ಕೊಂಡು. ತಾತ ಕೈ ಒರೆಸಿದ ಬಟ್ಟೆಯಲ್ಲೇ ಮತ್ತೆ ಕೈ ಒರೆಸಿಕೊಂಡ, ಆಮೇಲೆ ಕಾಲಿನಿಂದ ಮುಚ್ಚಳವನ್ನು ಅವಳ ಕಡೆಗೆ ಸರಿಸಿದ, ಪಕ್ಕದಲ್ಲಿ ಯಾರದೋ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು, ಹೂಂ, ಬಿಚ್ಚು, ಇವತ್ತು ನಾನೂ ಮುಟ್ಟಿ ನೋಡ್ತೀನಿ. ಕೂತಳು. ಪಾನಾ ಹಾಕಿದಳು, ಮೊದಲ ನಟ್ಟು ಸಡಿಲಾಯಿತು, ಮುಚ್ಚಳಕ್ಕೆ ಬಿತ್ತು, ಟಣ್, ಬಕೆಟ್ಟಿನ ತಳದ ಅದೇ ಸದ್ದು, ಎರಡನೆಯದಕ್ಕೆ ಕೈ ಹೋಗಬೇಕು, ಹೋಗುತ್ತಿಲ್ಲ, ಅಕ್ಕನ ನಟ್ಟು ಬಿಗಿಯಾಗಿತ್ತು, ತಾನೇ ಬಿಗಿದದ್ದು, ಬಿಗಿಯಾಗಿತ್ತು, ಆದರೂ ಇಳಿಜಾರಿನಲ್ಲಿ ಆ ಪುಟ್ಟ ಸೀಟು ಖಾಲಿ, ಕೆಂಪು ದಿಂಬು, ಅದರ ಮೇಲೆ ಬಿಸಿಲು, ಬರೀ ಬಿಸಿಲು.