ಗುದ್ದಲಿ ಪೂಜೆಗೆ ವಾಯ್ದೆ

ಈ ಕಥೆಯನ್ನು ಎಲ್ಲಿಂದ ಹಿಡಿಯಲಿ? ವಕೀಲ ಗಂಗಹನುಮಯ್ಯನವರು ಹುಟ್ಟಿದ ಮನೆಯಿಂದ ಹಿಡಿದರೆ, ಅವರು ಎಮ್ಮೆಲ್ಲೆ ಆಗುವಷ್ಟರಲ್ಲಿ ನಿಮಗೆ ಆಕಳಿಕೆ ಬರುತ್ತದೆ. ಗೆದ್ದ ದಿನದ ಮೆರವಣಿಗೆಯಿಂದ ಹಿಡಿದರೆ ಪಟಾಕಿ ಸದ್ದಿನಲ್ಲಿ ನನ್ನ ಮಾತು ಕೇಳಿಸುವುದಿಲ್ಲ. (ಎರಡೂ ಬರೆದು ನೋಡಿದೆ. ಮೊದಲನೆಯದನ್ನು ಹರಿದೆ. ಎರಡನೆಯದರ ಮೇಲೆ ಹುಣಸೆಹಣ್ಣು ಒಣಗುತ್ತಿದೆ.) ಹಾಗಾಗಿ ಬಿಡದಿಯಿಂದ ಬೈರಮಂಗಲಕ್ಕೆ ಹೋಗುವ ರಸ್ತೆ ಪಕ್ಕದ ಇಪ್ಪತ್ತು ಗುಂಟೆ ಹಿಪ್ಪುನೇರಳೆ ತೋಟದಿಂದ ಶುರು ಮಾಡುತ್ತೇನೆ. ತೋಟ ಶಿವಲಿಂಗಮ್ಮನದು. ಅದು ಉಳಿಯುತ್ತದೋ ಇಲ್ಲವೋ ಎಂಬುದೇ ಕಥೆ. ಮಿಕ್ಕಿದ್ದೆಲ್ಲ ನನ್ನ ಬಾಯಿಚಪಲ.

೧.

ಎರಡು ಸಾವಿರದ ಮೂರರಲ್ಲಿ ಆ ರಸ್ತೆಗೆ ಕಾರ್ಖಾನೆಗಳು ಸಾಲುಗಟ್ಟಿದವು. ಅದರಲ್ಲೊಂದು ಕಾರ್ಖಾನೆಯವರು ಶಿವಲಿಂಗಮ್ಮನ ಮೈದುನನ ಹೊಲದ ಜೊತೆಗೆ, ಅವನದಲ್ಲದ ಈ ತೋಟವನ್ನೂ ಸೇರಿಸಿ ಕ್ರಯ ಮಾಡಿಸಿಕೊಂಡರು. ಅವಳು ರಾಮನಗರದ ಕೋರ್ಟಿಗೆ ಬಂದು ಗಂಗಹನುಮಯ್ಯನವರ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿದಳು. ಅವರು ಸ್ಟೇ ತಂದರು: ಕೇಸು ಮುಗಿಯುವ ತನಕ ತೋಟದೊಳಕ್ಕೆ ಬೇರೆ ಯಾರೂ ಕಾಲಿಡಕೂಡದು.

ಆಮೇಲೆ ಅವರು ತಮಗೆ ಚೆನ್ನಾಗಿ ಗೊತ್ತಿದ್ದ ಕೆಲಸ ಮಾಡಿದರು. ವಾಯ್ದೆ ಕೇಳಿದರು. ವಾದ ಮಾಡಿ ಹೆಸರು ಮಾಡಿದವರುಂಟು. ಇವರು ವಾದದ ದಿನವೇ ಬಾರದಂತೆ ನೋಡಿಕೊಂಡು ಹೆಸರು ಮಾಡಿದವರು. "ಗಂಗಣ್ಣನ ಕೈಗೆ ಬಿದ್ದ ಕೇಸು ಮೊಮ್ಮಕ್ಕಳ ಕಾಲುಕ್ಕೂ ಸೋಲಾಕಿಲ್ಲ" ಎಂದು ಜನ ಹೊಗಳಿ, ಮರುವರ್ಷ ಓಟು ಹಾಕಿ ವಿಧಾನಸೌಧಕ್ಕೆ ಕಳಿಸಿದರು.

೨.

(ಇಲ್ಲಿ ವಿಧಾನಸಭೆಯ ವರ್ಣನೆ ಎರಡು ಪುಟ ಇತ್ತು. ನಾನು ಒಳಗೆ ಹೋಗಿ ನೋಡಿದವಳಲ್ಲ. ತೆಗೆದೆ.)

೩.

ಎರಡು ಸಾವಿರದ ಆರರಲ್ಲಿ ಅದೇ ಕಾರ್ಖಾನೆಯವರು ತಮ್ಮ ದೊಡ್ಡ ಗೇಟಿಗೆ ಗುದ್ದಲಿ ಪೂಜೆ ಇಟ್ಟುಕೊಂಡು ಎಮ್ಮೆಲ್ಲೆಯನ್ನು ಕರೆದರು. ಗೇಟು ಬರಬೇಕಾದದ್ದು ಶಿವಲಿಂಗಮ್ಮನ ಬದುವಿನಾಚೆ, ತೋಟದೊಳಗೆ. ಎಮ್ಮೆಲ್ಲೆಯೇ ಅಗೆದರೆ ಸ್ಟೇ ಏನು ಮಾಡೀತು ಎಂಬುದು ಅವರ ಲೆಕ್ಕಾಚಾರ. ಶಾಮಿಯಾನ, ನಾದಸ್ವರ, ಉಪ್ಪಿಟ್ಟು. ಗಂಗಹನುಮಯ್ಯನವರು ಗುದ್ದಲಿ ಎತ್ತಿದರು. ಆಚೆ ಶಿವಲಿಂಗಮ್ಮ ಸೊಪ್ಪು ಕೊಯ್ಯುತ್ತಿದ್ದಳು.

"ಏನ್ ಸಾಮಿ, ನೀವೇ ತಂದ ಸ್ಟೇ ಒಳಕ್ಕೆ ನೀವೇ ಕಾಲಿಕ್ತೀರಾ?"

"ನಾನೀಗ ಎಮ್ಮೆಲ್ಲೆ ಕಣಮ್ಮ."

"ವಕಾಲತ್ತು ವಾಪಸ್ ತಕಂಡಿದ್ದೀರಾ?"

ತೆಗೆದುಕೊಂಡಿರಲಿಲ್ಲ. ಮೆರವಣಿಗೆಯ ಗಲಾಟೆಯಲ್ಲಿ ಮರೆತಿದ್ದರು. ಅವರ ಗುಮಾಸ್ತ ಮುಕ್ತಿಯಾರ್ ಕಿವಿಯಲ್ಲಿ ಹೇಳಿದ: "ಸಾರ್, ಕಾಲಿಟ್ರೆ ನಿಮ್ ಮೇಲೆ ನೀವೇ ಕಂಪ್ಲೇಂಟ್ ಕೊಡ್ಬೇಕಾಯ್ತದೆ. ಟೈಪ್ ಮಾಡ್ಲಾ?"

ಇಪ್ಪತ್ತು ವರ್ಷದ ಅಭ್ಯಾಸದಲ್ಲಿ ಗಂಗಹನುಮಯ್ಯನವರ ನಾಲಿಗೆ ತಾನೇ ತಾನಾಗಿ ಆಡಿತು: "ಸಮಯ ಬೇಕು, ಸ್ವಾಮಿ."

ಎದುರಿಗಿದ್ದವರು ಜಡ್ಜ್ ಅಲ್ಲ, ಪುರೋಹಿತರು. ಅವರು ಪಂಚಾಂಗ ತಿರುವಿ, "ಮುಂದಿನ ಹದಿನಾಲ್ಕಕ್ಕೆ ಒಳ್ಳೆ ಲಗ್ನ ಇದೆ" ಎಂದರು.

ಹೀಗೆ ಗುದ್ದಲಿ ಪೂಜೆಗೆ ವಾಯ್ದೆ ಬಿತ್ತು. ಹದಿನಾಲ್ಕಕ್ಕೆ ಇನ್ನೊಂದು ವಾಯ್ದೆ. ಹದಿನೇಳು ತಿಂಗಳು ಜನ ಬಂದರು, ಉಪ್ಪಿಟ್ಟು ತಿಂದರು, ತಾರೀಕು ಕೇಳಿಕೊಂಡು ಹೋದರು. ನಾದಸ್ವರದವರು ಮದುವೆ ಒಪ್ಪಿಕೊಳ್ಳುವುದನ್ನೇ ಬಿಟ್ಟರು. (ಇದೆಲ್ಲ ಸುಳ್ಳು ಅನ್ನುವವರು ಕೋರ್ಟಿನ ಮೆಟ್ಟಿಲು ಹತ್ತಿಲ್ಲ, ಪುಣ್ಯವಂತರು.)

೪.

ಎರಡು ಸಾವಿರದ ಎಂಟು. ಮತ್ತೆ ಚುನಾವಣೆ. ಶುಕ್ರವಾರದೊಳಗೆ ಆ ಕೇಸು ಮುಗಿಯದಿದ್ದರೆ ಟಿಕೆಟ್ ಇಲ್ಲ ಎಂದು, ಕಾರ್ಖಾನೆಯವರ ಮಾತಿಗೆ ಕಟ್ಟುಬಿದ್ದ ಪಕ್ಷದವರು ಹೇಳಿಬಿಟ್ಟರು. ತೋಟ ಬಿಟ್ಟುಕೊಟ್ಟಿದ್ದೇನೆ ಎಂದು ಶಿವಲಿಂಗಮ್ಮನ ಹೆಸರಿನಲ್ಲಿ ರಾಜಿ ಅರ್ಜಿಯನ್ನು ಮುಕ್ತಿಯಾರ್ ಟೈಪ್ ಮಾಡಿ ತಂದ. ಇಬ್ಬರೂ ತೋಟಕ್ಕೆ ಹೊರಟರು.

ಇಲ್ಲಿ ನನ್ನ ಪೆನ್ನು ನಿಂತಿತು. ಶಿವಲಿಂಗಮ್ಮ ಕಾರ್ಖಾನೆಯವರನ್ನು ನಂಬಳು, ದೇವರನ್ನು ಅರ್ಧ ನಂಬುವಳು. ತನ್ನ ವಕೀಲರು ಬೆರಳಿಟ್ಟು ತೋರಿಸಿದ ಕಡೆ ಮಾತ್ರ ಕೇಳದೆ ಹೆಬ್ಬೆಟ್ಟು ಒತ್ತುವಳು.

ಗಂಗಹನುಮಯ್ಯನವರು ಅರ್ಧ ದಾರಿಯಲ್ಲಿ ನನ್ನ ಕಡೆ ತಿರುಗಿದರು.

"ಅಕ್ಕಾವ್ರೆ, ನನ್ನ ಕೋಡಂಗಿ ಮಾಡಿದ್ದು ಸಾಕು. ಎಲ್ರಿಗೂ ಒಪ್ಪೋ ಹಂಗೆ ಒಂದು ಮುಕ್ತಾಯ ಬರೀರಿ."

ಬರೆದೆ. ಮುಕ್ತಾಯ ಒಂದು: ಅವಳು ಒತ್ತುತ್ತಾಳೆ, ಗೇಟು ಏಳುತ್ತದೆ, ಇವರು ಗೆಲ್ಲುತ್ತಾರೆ.

"ಆಮ್ಯಾಕೆ ಈ ರಸ್ತೇಲಿ ನಾನು ಮೊಕ ಎತ್ಕಂಡು ಓಡಾಡೋದು ಹೆಂಗೆ?"

ಹೊಡೆದು ಹಾಕಿದೆ. ಮುಕ್ತಾಯ ಎರಡು: ಇವರು ಕೋಟು ತೊಟ್ಟು ಅಮೋಘವಾಗಿ ವಾದ ಮಾಡಿ ಕೇಸು ಗೆಲ್ಲುತ್ತಾರೆ.

"ವಾದ ಮಾಡೋದು ಮರ್ತೋಗದೆ ಅಕ್ಕಾವ್ರೆ," ಎಂದರು, ತಲೆ ತಗ್ಗಿಸಿ. "ಸೋತ್ರೆ ಸ್ಟೇನೂ ಹೋಯ್ತದೆ, ತೋಟಾನೂ ಹೋಯ್ತದೆ."

ಅಷ್ಟರಲ್ಲಿ ತೋಟ ಬಂದೇಬಿಟ್ಟಿತು.

"ಏನ್ ಗುಸುಗುಸು ಅದು? ಎಲ್ಲೊತ್ತಬೇಕು ತೋರ್ಸಿ ಸಾಮಿ, ಕೆಲ್ಸ ಐತೆ," ಎಂದು ಶಿವಲಿಂಗಮ್ಮ ಹೆಬ್ಬೆಟ್ಟು ಚಾಚಿದಳು. ಸೊಪ್ಪಿನ ಕರೆ ಹತ್ತಿದ ಹೆಬ್ಬೆಟ್ಟು. ಗಂಗಹನುಮಯ್ಯನವರು ಕಾಗದ ನೋಡಿದರು, ಬೆರಳು ನೋಡಿದರು, ಮತ್ತೆ ಕಾಗದ ನೋಡಿದರು.

"ಇಂಕ್ ಪ್ಯಾಡು ಮರ್ತು ಬಂದಿವ್ನಿ ಕಣಮ್ಮ," ಎಂದರು.

ಪ್ಯಾಡು ಮುಕ್ತಿಯಾರನ ಕೈಯಲ್ಲಿ ಬಾಯಿ ತೆರೆದುಕೊಂಡಿತ್ತು. ಅವನು ಮೆಲ್ಲಗೆ ಮುಚ್ಚಳ ಹಾಕಿ ಜೇಬಿಗಿಳಿಸಿದ.

೫.

ಶುಕ್ರವಾರ ಏನಾಯಿತು, ಟಿಕೆಟ್ ಸಿಕ್ಕಿತೇ, ತೀರ್ಪು ಬಂತೇ ಎಂದು ಕೇಳುತ್ತೀರಿ. ಬರೆಯಲು ನಾನೂ ಕೂತೆ. ಶಿವಲಿಂಗಮ್ಮ ಬದುವಿನ ಮೇಲಿಂದ ಕೂಗಿದಳು.

"ಮುಗಿಸ್ಬ್ಯಾಡ ಕಣಕ್ಕ. ಕೇಸು ಮುಗಿಯೋ ಗಂಟ ತಾನೆ ಸ್ಟೇ? ನೀನು ಕತೆ ಮುಗ್ಸುದ್ರೆ ಕೇಸೂ ಮುಗ್ದೋಯ್ತದೆ. ಆ ಪೆನ್ನು ಅತ್ಲಾಗಿಕ್ಕಿ ಈ ಬುಟ್ಟಿ ಹಿಡ್ಕ ಬಾ. ರೇಸ್ಮೆ ಹುಳ ನಾಕ್ನೇ ಜ್ವರ ಎದ್ದವೆ, ಪೊರೆ ಕಳಚ್ಕಂಡು ಹಸ್ಕಂಡವೆ, ಎಷ್ಟು ಸೊಪ್ಪಾಕಿದ್ರೂ ಸಾಲ್ದು."

ಹೋಗಿ ಹಿಡಿದೆ. ಅವಳು ಕೊಯ್ದು ಹಾಕುತ್ತಲೇ ಇದ್ದಾಳೆ. ನನ್ನ ಎರಡೂ ಕೈ ಬುಟ್ಟಿಯ ಅಡಿಯಲ್ಲಿವೆ, ಕೊನೆಯ ಸಾಲು ಬರೆಯಲು